ಓಡುವ ಕುದುರೆಯ ಫಾರ್ವರ್ಡ್ ಮತ್ತು ನಡೆಯಲಾಗದ ಮಗು: ಫೋಟೊಗ್ರಾಫರ್ ಮೈಬ್ರಿಜ್‌ನ ಕತೆ

ಕುದುರೆಯೊಂದು ಓಡುತ್ತಿರುವ, ಎರಡು ಮೂರು ಸೆಕೆಂಡಿನ ಕಪ್ಪುಬಿಳುಪಿನ ಚಲಿಸುವ ಚಿತ್ರ ವಾಟ್ಸಾಪ್‌ನಲ್ಲಿ ನಿಮಗೂ ಬಂದಿರಬಹುದು. ಜೊತೆಗೆ ಬರುವ ಬರಹ ಹೆಚ್ಚುಕಡಿಮೆ ಹೀಗಿರುತ್ತದೆ: ಇದು ಪ್ರಪಂಚದ ಮೊದಲ ಸಿನಿಮಾ, 1878ರಲ್ಲಿ ತೆಗೆದದ್ದು. ಓಡುವಾಗ ಕುದುರೆಯ ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಡುತ್ತವೆ ಎಂದು ಅಮೆರಿಕದ ಶ್ರೀಮಂತನೊಬ್ಬ 25,000 ಡಾಲರ್ ಬಾಜಿ ಕಟ್ಟಿದ್ದ, ಅದನ್ನು ಗೆಲ್ಲಲು ಈ ಫೋಟೊ ತೆಗೆಸಿದ.

ಇದರಲ್ಲಿ ಅರ್ಧ ನಿಜ, ಅರ್ಧ ಕಟ್ಟುಕತೆ. ಫೋಟೊ ತೆಗೆಸಿದ್ದು ನಿಜ, ನಾಲ್ಕೂ ಕಾಲು ನೆಲ ಬಿಡುವುದೂ ನಿಜ. ಆದರೆ ಬಾಜಿ ಕಟ್ಟಿದ್ದಕ್ಕೆ ಇತಿಹಾಸಕಾರರಿಗೆ ಆ ಕಾಲದ ಗಟ್ಟಿ ದಾಖಲೆ ಯಾವುದೂ ಸಿಕ್ಕಿಲ್ಲ. ಇನ್ನು ಫಾರ್ವರ್ಡ್ ಆಗಿ ಬರುವ ಕುದುರೆಯೂ ಬಹಳ ಸಲ 1878ರದ್ದಲ್ಲ. ಅದರ ಹೆಸರು ಆನಿ ಜಿ. ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಶ್ರಯದಲ್ಲಿ 1887ರಲ್ಲಿ ಪ್ರಕಟವಾದ ಅನಿಮಲ್ ಲೋಕೊಮೋಶನ್ ಎಂಬ 781 ಫಲಕಗಳ ಸಂಗ್ರಹದಲ್ಲಿ ಅದು 626ನೇ ಫಲಕ. ಅದರ ಬಿಡಿ ಚಿತ್ರಗಳನ್ನು ಈಗಿನವರು ಕಂಪ್ಯೂಟರಿನಲ್ಲಿ ಒಂದರ ಹಿಂದೊಂದು ಜೋಡಿಸಿ ಓಡಿಸಿದ್ದಾರೆ.

ಅದೇ ಸಂಗ್ರಹದಲ್ಲಿ ಸ್ವಲ್ಪ ಹಿಂದಕ್ಕೆ ಹೋಗಿ 539ನೇ ಫಲಕ ನೋಡಿದರೆ ಅಲ್ಲೊಂದು ಮಗು ಇದೆ. ಮೈಮೇಲೆ ಬಟ್ಟೆಯಿಲ್ಲ. ಎರಡು ಕೈ, ಎರಡು ಕಾಲು ನೆಲಕ್ಕೆ ಊರಿಕೊಂಡು ನಡೆಯುತ್ತಿದೆ. ಕೆಳಗೆ ಕಾಯಿಲೆಯ ಹೆಸರಿದೆ: ಶಿಶು ಪಾರ್ಶ್ವವಾಯು, ಅಂದರೆ ಪೋಲಿಯೊಗೆ ಆ ಕಾಲದಲ್ಲಿದ್ದ ಹೆಸರು. ಮಗುವಿನ ಹೆಸರಿಲ್ಲ.

ಕುದುರೆ ಎಲ್ಲರ ಫೋನಿಗೂ ಬಂದಿದೆ, ಮಗು ಬಂದಿಲ್ಲ. ಆದರೆ ಇವತ್ತು ನಡೆಯಲು ತೊಂದರೆ ಇರುವ ಮಗುವಿಗೆ ಯಾವ ಆಪರೇಷನ್ ಬೇಕು, ಯಾವುದು ಬೇಡ ಎಂದು ಡಾಕ್ಟರುಗಳು ನಿರ್ಧರಿಸುವ ವಿಧಾನದ ಬೇರು ಹುಡುಕಿಕೊಂಡು ಹೋದರೆ ಈ ಎರಡೂ ಚಿತ್ರಗಳನ್ನು ತೆಗೆದ ಒಬ್ಬನೇ ಮನುಷ್ಯನ ಹತ್ತಿರ ಹೋಗಿ ನಿಲ್ಲುತ್ತೇವೆ. ಆತ ಡಾಕ್ಟರ್ ಅಲ್ಲ, ವಿಜ್ಞಾನಿಯೂ ಅಲ್ಲ. ಅಷ್ಟೇನೂ ಒಳ್ಳೆಯ ಮನುಷ್ಯನೂ ಆಗಿರಲಿಲ್ಲ.

ತಲೆಗೆ ಬಿದ್ದ ಪೆಟ್ಟು

ಎಡ್ವರ್ಡ್ ಮೈಬ್ರಿಜ್ ಹುಟ್ಟಿದ್ದು 1830ರ ಏಪ್ರಿಲ್ 9ರಂದು, ಲಂಡನ್ ಹತ್ತಿರ ಥೇಮ್ಸ್ ನದಿಯ ದಡದಲ್ಲಿರುವ ಕಿಂಗ್‌ಸ್ಟನ್ ಎಂಬ ಊರಿನಲ್ಲಿ. ಅಪ್ಪ ದವಸ ಮತ್ತು ಕಲ್ಲಿದ್ದಲಿನ ವ್ಯಾಪಾರಿ. ಹುಡುಗನಿಗೆ 13 ವರ್ಷವಾಗಿದ್ದಾಗ ಅಪ್ಪ ತೀರಿಕೊಂಡ. ಹುಟ್ಟುಹೆಸರು ಎಡ್ವರ್ಡ್ ಜೇಮ್ಸ್ ಮಗರಿಜ್. ಅದನ್ನು ಆತ ಜೀವನವಿಡೀ ಒಂದೊಂದು ಅಕ್ಷರ ಬದಲಿಸುತ್ತಾ ಹೋದ. ಎಡ್ವರ್ಡ್ ಎಂಬುದರ ಸ್ಪೆಲಿಂಗನ್ನೂ ಕಿಂಗ್‌ಸ್ಟನ್‌ನಲ್ಲಿ ಪಟ್ಟಾಭಿಷೇಕವಾದ ಹಳೆಯ ರಾಜರ ಹೆಸರಿನಂತೆ ತಿದ್ದಿಕೊಂಡ.

ಇಪ್ಪತ್ತರ ಆಸುಪಾಸಿನಲ್ಲಿ ಅಮೆರಿಕಕ್ಕೆ ಹೋದ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಪುಸ್ತಕದಂಗಡಿ ನಡೆಸಿದ. 1860ರಲ್ಲಿ ಯುರೋಪಿಗೆ ಹೋಗಬೇಕೆಂದು ಹೊರಟು, ದೇಶದ ಆ ಕಡೆಗೆ ಹೋಗುವ ಕುದುರೆಗಾಡಿ ಹತ್ತಿದ. ಟೆಕ್ಸಾಸ್‌ನಲ್ಲಿ ಕುದುರೆಗಳು ಹಿಡಿತ ತಪ್ಪಿ ಓಡಿ ಗಾಡಿ ಉರುಳಿತು. ಮೈಬ್ರಿಜ್ ಹೊರಕ್ಕೆ ಎಸೆಯಲ್ಪಟ್ಟು ತಲೆಗೆ ಭಾರಿ ಪೆಟ್ಟು ಬಿತ್ತು. ಎಚ್ಚರವಾದ ಮೇಲೆ ಒಂದು ವಸ್ತು ಎರಡಾಗಿ ಕಾಣುತ್ತಿತ್ತು, ವಾಸನೆ ರುಚಿ ಹೋಗಿತ್ತು, ಯೋಚನೆ ಗೊಂದಲವಾಗಿತ್ತು. ಇಂಗ್ಲೆಂಡಿನಲ್ಲಿ ಸುದೀರ್ಘ ಚಿಕಿತ್ಸೆ ನಡೆಯಿತು. ಅಪಘಾತಕ್ಕೆ ಮೊದಲು ಸಮಾಧಾನದ ವ್ಯಾಪಾರಿಯಾಗಿದ್ದವನು ಆಮೇಲೆ ಸಿಡುಕನಾದ, ವಿಚಿತ್ರವಾದ ಎಂದು ಗೆಳೆಯರು ಮುಂದೆ ಕೋರ್ಟಿನಲ್ಲಿ ಸಾಕ್ಷಿ ಹೇಳಿದರು. ಹಣೆಯ ಹಿಂದಿನ ಮಿದುಳಿನ ಭಾಗಕ್ಕೆ ಗಾಯವಾಗಿದ್ದಿರಬಹುದು ಎನ್ನುವುದು ಈಗಿನ ಸಂಶೋಧಕರ ಊಹೆ.

1867ರ ಹೊತ್ತಿಗೆ ಸ್ಯಾನ್ ಫ್ರಾನ್ಸಿಸ್ಕೊಗೆ ಮರಳಿದಾಗ ಆತ ಪುಸ್ತಕ ಮಾರುವವನಲ್ಲ, ಫೋಟೊಗ್ರಾಫರ್. ಯೊಸೆಮಿಟಿ ಕಣಿವೆಯ ಬಂಡೆ, ಜಲಪಾತಗಳ ಚಿತ್ರಗಳಿಂದ ಹೆಸರು ಬಂತು. ಫ್ಲೋರಾ ಎಂಬ ಚಿಕ್ಕ ವಯಸ್ಸಿನ ಹೆಣ್ಣನ್ನು ಮದುವೆಯಾದ. 1874ರಲ್ಲಿ ಗಂಡುಮಗು ಹುಟ್ಟಿತು. ಅದೇ ವರ್ಷ, ಮಗುವಿನ ಫೋಟೊ ಒಂದರ ಹಿಂದೆ ಹ್ಯಾರಿ ಎಂಬ ಹೆಸರು ಬರೆದಿದ್ದು ಕಣ್ಣಿಗೆ ಬಿತ್ತು. ಹ್ಯಾರಿ ಲಾರ್ಕಿನ್ಸ್ ಹೆಂಡತಿಯ ಗೆಳೆಯ. ಅಕ್ಟೋಬರ್ 17ರ ರಾತ್ರಿ ಮೈಬ್ರಿಜ್ ಅವನಿದ್ದ ಕಡೆಗೆ ಹೋಗಿ, ಬಾಗಿಲಿಗೆ ಕರೆಸಿ ಗುಂಡು ಹೊಡೆದು ಕೊಂದ. ತಲೆಪೆಟ್ಟಿನಿಂದ ಬುದ್ಧಿ ಸ್ಥಿಮಿತ ತಪ್ಪಿದೆ ಎಂದು ವಕೀಲರು ವಾದಿಸಿದರು. ಜ್ಯೂರಿ ಆ ವಾದವನ್ನು ಒಪ್ಪಲಿಲ್ಲ. ಆದರೂ ಹೆಂಡತಿಯ ಪ್ರಿಯಕರನನ್ನು ಕೊಂದದ್ದು ತಪ್ಪಲ್ಲವೆಂದು ಬಿಟ್ಟುಬಿಟ್ಟಿತು. ಕೆಲವೇ ತಿಂಗಳಲ್ಲಿ ಫ್ಲೋರಾ ಕಾಯಿಲೆ ಬಿದ್ದು ಸತ್ತಳು. ಮಗು ಅನಾಥಾಲಯ ಸೇರಿತು. ಅಪ್ಪನೆನಿಸಿಕೊಂಡವನು ಅಷ್ಟರಲ್ಲಿ ಫೋಟೊ ತೆಗೆಯಲು ಮಧ್ಯ ಅಮೆರಿಕಕ್ಕೆ ಹೋಗಿದ್ದ.

ಕಣ್ಣು ತಪ್ಪಿದ್ದೆಲ್ಲಿ

ಫಾರ್ವರ್ಡ್‌ನಲ್ಲಿ ಬರುವ ಶ್ರೀಮಂತನ ಹೆಸರು ಲೆಲ್ಯಾಂಡ್ ಸ್ಟ್ಯಾನ್‌ಫೋರ್ಡ್. ರೈಲ್ವೆ ಕಂಪನಿಯ ಒಡೆಯ, ಕ್ಯಾಲಿಫೋರ್ನಿಯಾದ ಮಾಜಿ ಗವರ್ನರ್, ಪಂದ್ಯದ ಕುದುರೆಗಳ ಹುಚ್ಚು. ಕುದುರೆ ಓಡುವುದು ಹೇಗೆಂದು ಸರಿಯಾಗಿ ತಿಳಿದರೆ ಇನ್ನೂ ಚೆನ್ನಾಗಿ ಪಳಗಿಸಬಹುದು ಎಂಬುದು ಆತನ ಲೆಕ್ಕ. 1872ರಲ್ಲೇ ಮೈಬ್ರಿಜ್‌ನನ್ನು ಕರೆಸಿದ್ದ. ಕೆಲಸ ಪಕ್ಕಾ ಆದದ್ದು 1878ರ ಜೂನ್‌ನಲ್ಲಿ, ಪಾಲೊ ಆಲ್ಟೊ ಎಂಬಲ್ಲಿದ್ದ ಸ್ಟ್ಯಾನ್‌ಫೋರ್ಡ್‌ನ ಕುದುರೆ ಫಾರ್ಮಿನಲ್ಲಿ.

ಓಡುವ ದಾರಿಯ ಒಂದು ಬದಿಗೆ ಸಾಲಾಗಿ 12 ಕ್ಯಾಮೆರಾ. ಎರಡು ಕ್ಯಾಮೆರಾಗಳ ನಡುವೆ 27 ಇಂಚು. ದಾರಿಗೆ ಅಡ್ಡವಾಗಿ ದಾರಗಳು. ಕುದುರೆ ಓಡುತ್ತಾ ಒಂದೊಂದೇ ದಾರ ಕಿತ್ತಂತೆ ಒಂದೊಂದೇ ಕ್ಯಾಮೆರಾದ ಶಟರ್ ಬೀಳುತ್ತದೆ. ಸಾಮಾನ್ಯ ಫೋಟೊಗೆ ಜನ ಸೆಕೆಂಡುಗಟ್ಟಲೆ ಅಲ್ಲಾಡದೆ ನಿಲ್ಲಬೇಕಾಗಿದ್ದ ಕಾಲ ಅದು. ಇಲ್ಲಿ ಒಂದೊಂದು ಚಿತ್ರಕ್ಕೂ ಬೆಳಕು ಬಿದ್ದದ್ದು ಸೆಕೆಂಡಿನ ಎರಡು ಸಾವಿರದ ಒಂದು ಪಾಲಿಗಿಂತ ಕಡಿಮೆ ಎಂದು ಮೈಬ್ರಿಜ್ ಮಾರಾಟದ ಕಾರ್ಡಿನ ಮೇಲೆ ಅಚ್ಚುಹಾಕಿಸಿದ. ವಿದ್ಯುತ್ತಿನಿಂದ ಶಟರ್ ಬೀಳಿಸುವ ಉಪಾಯದಲ್ಲಿ ಸ್ಟ್ಯಾನ್‌ಫೋರ್ಡ್‌ನ ರೈಲ್ವೆಯ ಎಂಜಿನಿಯರ್ ಜಾನ್ ಐಸಾಕ್ಸ್ ಕೈಯೂ ಇತ್ತು.

ಫಲಿತಾಂಶದಲ್ಲಿ ಎಲ್ಲರೂ ನೆನಪಿಡುವುದು ಕಾಲು ನೆಲ ಬಿಟ್ಟದ್ದನ್ನು. ನನಗೆ ಹೆಚ್ಚು ಮುಖ್ಯವೆನಿಸುವುದು ಕಾಲು ಯಾವಾಗ ನೆಲ ಬಿಟ್ಟಿತು ಎನ್ನುವುದು. ಚಿತ್ರಕಾರರು ನೂರಾರು ವರ್ಷ, ಓಡುವ ಕುದುರೆ ಎಂದರೆ ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿ ಗಾಳಿಯಲ್ಲಿ ತೇಲುವ ಹಾಗೆ ಬರೆದಿದ್ದರು. ಕುದುರೆ ಗಾಳಿಯಲ್ಲಿರುವುದು ನಾಲ್ಕೂ ಕಾಲುಗಳನ್ನು ಹೊಟ್ಟೆಯ ಕೆಳಗೆ ಮಡಚಿಕೊಂಡಾಗ. ದಿನವೂ ಕುದುರೆಯ ಜೊತೆಗೇ ಬದುಕುತ್ತಿದ್ದ ಜನರ ಕಣ್ಣಿಗೂ ಇದು ಸಿಕ್ಕಿರಲಿಲ್ಲ. ಕಣ್ಣು ಚಲನೆಯನ್ನು ನೋಡುವುದಿಲ್ಲ, ನೋಡಿದಂತೆ ಊಹಿಸಿಕೊಳ್ಳುತ್ತದೆ.

ಸ್ಟ್ಯಾನ್‌ಫೋರ್ಡ್ 1882ರಲ್ಲಿ ಈ ಫೋಟೊಗಳನ್ನು ನೋಡಿ ಬರೆದ ರೇಖಾಚಿತ್ರಗಳ ಪುಸ್ತಕ ತಂದ. ಮುಖಪುಟದಲ್ಲಿ ಮೈಬ್ರಿಜ್ ಹೆಸರಿರಲಿಲ್ಲ. ಲಂಡನ್ನಿನಲ್ಲಿ ಮನ್ನಣೆ ಸಿಗುವುದರಲ್ಲಿದ್ದಾಗ, ಬೇರೆಯವರ ಕೆಲಸವನ್ನು ತನ್ನದೆನ್ನುತ್ತಿದ್ದಾನೆ ಎಂಬ ಅನುಮಾನ ಬಂದು ಬಾಗಿಲು ಮುಚ್ಚಿತು. ಕೇಸು ಹಾಕಿದ, ಗೆಲ್ಲಲಿಲ್ಲ. ಹಾಗೆ ಕೆಲಸವಿಲ್ಲದೆ ಅಲೆಯುತ್ತಿದ್ದಾಗ ಕೈಹಿಡಿದದ್ದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ.

ಫಿಲಡೆಲ್ಫಿಯಾದ ಅಂಗಳ

1884ರಿಂದ ಸುಮಾರು ಎರಡು ವರ್ಷ ಆತ ಅಲ್ಲಿನ ಅಂಗಳದಲ್ಲಿ ಉದ್ದನೆಯ ಕಪ್ಪು ಶೆಡ್ ಕಟ್ಟಿಸಿಕೊಂಡು ದುಡಿದ. ಹಿಂದಿನ ಕಪ್ಪು ಗೋಡೆಯ ಮೇಲೆ ಬಿಳಿ ದಾರದಿಂದ ಚೌಕಗಳ ಜಾಲ, ಒಂದೊಂದು ಚೌಕ 5 ಸೆಂಟಿಮೀಟರ್. ಒಂದು ಸಾಲಿನ ಕ್ಯಾಮೆರಾಗಳು ಪಕ್ಕದಿಂದ ನೋಡಿದರೆ ಬೇರೆ ಕ್ಯಾಮೆರಾಗಳು ಅದೇ ಕ್ಷಣವನ್ನು ಮುಂದಿನಿಂದ, ಹಿಂದಿನಿಂದ ಹಿಡಿಯುತ್ತಿದ್ದವು. ಮೆಟ್ಟಿಲು ಹತ್ತುವ ಹೆಂಗಸು, ಕುಸ್ತಿಯಾಡುವ ಗಂಡಸರು, ಆನೆ, ಒಂಟೆ, ಹಕ್ಕಿ, ಎಲ್ಲವೂ ಆ ಚೌಕಗಳ ಮುಂದೆ ಹಾದುಹೋದವು. ಮೇಲುಸ್ತುವಾರಿಗೆ ವಿಶ್ವವಿದ್ಯಾಲಯದ ಸಮಿತಿಯೊಂದಿತ್ತು.

ಫ್ರಾನ್ಸಿಸ್ ಡರ್ಕಮ್ ಎಂಬ ತರುಣ ನರರೋಗ ತಜ್ಞನಿಗೆ ಈ ಶೆಡ್ ನೋಡಿ ಒಂದು ಯೋಚನೆ ಬಂತು. ನರರೋಗಗಳನ್ನು ಆಗ ಬಹುಮಟ್ಟಿಗೆ ರೋಗಿಯ ನಡಿಗೆ ನೋಡಿಯೇ ಗುರುತಿಸಬೇಕಿತ್ತು. ಸ್ಕ್ಯಾನ್ ಇಲ್ಲ, ಎಕ್ಸ್‌ರೇ ಬರಲು ಇನ್ನೂ ಹತ್ತು ವರ್ಷ ಇತ್ತು. ಕುದುರೆಯ ವಿಷಯದಲ್ಲೇ ಕಣ್ಣು ಇಷ್ಟು ಮೋಸಹೋಗುವುದಾದರೆ, ಕಾಲೆಳೆದು ನಡೆಯುವ ಮನುಷ್ಯನ ವಿಷಯದಲ್ಲಿ? ಡರ್ಕಮ್ ಆಸ್ಪತ್ರೆಯ ರೋಗಿಗಳನ್ನು ಕರೆತಂದ. ಹಾಗೆ ತೆಗೆದ ಚಿತ್ರಗಳೇ 11 ಸಂಪುಟಗಳಲ್ಲಿ ಎಂಟನೆಯದು. 539ನೇ ಫಲಕದ ಮಗು ಇರುವುದು ಅಲ್ಲಿ. ಮುಂದೆ ಡರ್ಕಮ್ ಈ ಚಿತ್ರಗಳ ಆಧಾರದ ಮೇಲೆ ಆರೋಗ್ಯವಂತರ ಮತ್ತು ರೋಗಿಗಳ ನಡಿಗೆಯ ಬಗ್ಗೆ ಬರೆದ.

ಆ ಮಗುವಿಗೆ ಇದರಿಂದ ಏನು ಪ್ರಯೋಜನವಾಯಿತು ಎಂದು ಕೇಳಿದರೆ, ಫೋಟೊ ಚಿಕಿತ್ಸೆಯಲ್ಲ ಎನ್ನುವುದೇ ಉತ್ತರ. ಪೋಲಿಯೊ ವೈರಸ್ಸಿನಿಂದ ಬರುತ್ತದೆ ಎಂದು ಗೊತ್ತಾದದ್ದೇ 1908ರಲ್ಲಿ. ಲಸಿಕೆ ಬಂದದ್ದು 1955ರಲ್ಲಿ. ಬಟ್ಟೆ ಬಿಚ್ಚಿ ಕ್ಯಾಮೆರಾ ಮುಂದೆ ನಡೆಸಿದಾಗ ಮಗುವನ್ನು ಒಂದು ಮಾತು ಕೇಳುವ ಪದ್ಧತಿಯೂ ಆಗ ಇರಲಿಲ್ಲ. 1961ರಲ್ಲಿ ಫ್ರಾನ್ಸಿಸ್ ಬೇಕನ್ ಎಂಬ ಪ್ರಸಿದ್ಧ ಚಿತ್ರಕಾರ ಆ ಫಲಕ ನೋಡಿ ದೊಡ್ಡ ತೈಲಚಿತ್ರ ಮಾಡಿದ. ಮಗು ಮ್ಯೂಸಿಯಂ ಸೇರಿತು, ಆಗಲೂ ಹೆಸರಿಲ್ಲದೆಯೇ.

ಇನ್ನೊಂದು ಮಾತನ್ನೂ ಹೇಳಬೇಕು. ಮೈಬ್ರಿಜ್‌ನ ಚಿತ್ರಗಳು ನೋಡಲು ವಿಜ್ಞಾನದಂತಿದ್ದರೂ ಪೂರ್ತಿ ವಿಜ್ಞಾನವಲ್ಲ. ಹಲವು ಫಲಕಗಳಲ್ಲಿ ಹಾಳಾದ ಚಿತ್ರದ ಜಾಗಕ್ಕೆ ಬೇರೆಯದನ್ನು ಸೇರಿಸಿ, ಕ್ರಮ ಬದಲಿಸಿ ಚಂದ ಕಾಣುವಂತೆ ಜೋಡಿಸಿದ್ದಾನೆ ಎಂದು ಇತಿಹಾಸಕಾರ್ತಿ ಮಾರ್ಟಾ ಬ್ರಾನ್ ತೋರಿಸಿದ್ದಾರೆ. ಕಟ್ಟುನಿಟ್ಟಾಗಿ ಅಳತೆ ಮಾಡಿದ್ದು ಫ್ರಾನ್ಸಿನ ಎಟಿಯೆನ್ ಜೂಲ್ ಮರೇ. ಮೈಬ್ರಿಜ್‌ನ ಕುದುರೆ ನೋಡಿ ಹುರುಪುಗೊಂಡ ಈ ಶರೀರವಿಜ್ಞಾನಿ, ಒಂದೇ ಕ್ಯಾಮೆರಾದಲ್ಲಿ ನಡಿಗೆಯ ಎಲ್ಲಾ ಹಂತ ಹಿಡಿದ. ನಡೆಯುವವನಿಗೆ ಕಪ್ಪು ಬಟ್ಟೆ ತೊಡಿಸಿ, ಕೈಕಾಲಿನ ಉದ್ದಕ್ಕೂ ಬಿಳಿ ಪಟ್ಟಿ ಅಂಟಿಸಿದ. ಫೋಟೊದಲ್ಲಿ ಮನುಷ್ಯ ಮಾಯವಾಗಿ ಗೆರೆಗಳಷ್ಟೇ ಉಳಿದವು. ಗೆರೆಗಳನ್ನು ಅಳೆಯಬಹುದು. (ಮರೇ ಹುಟ್ಟಿದ್ದೂ 1830ರಲ್ಲೇ, ಸತ್ತದ್ದೂ ಮೈಬ್ರಿಜ್ ಸತ್ತ ಒಂದೇ ವಾರಕ್ಕೆ. ಇದನ್ನು ಯಾರೂ ಯಾಕೆ ಫಾರ್ವರ್ಡ್ ಮಾಡುವುದಿಲ್ಲವೋ!)

ತುದಿಗಾಲಿನ ಒಗಟು

ಆ ಚೌಕಗಳು, ಆ ಬಿಳಿ ಪಟ್ಟಿಗಳು ಇವತ್ತಿನ ಮಗುವಿಗೆ ಹೇಗೆ ನೆರವಾಗುತ್ತವೆ? ಸೆರೆಬ್ರಲ್ ಪಾಲ್ಸಿ ಇರುವ ಮಗುವನ್ನು ನೆನೆಸಿಕೊಳ್ಳಿ. ಹುಟ್ಟುವ ಮೊದಲೋ, ಹುಟ್ಟುವಾಗಲೋ, ಹುಟ್ಟಿದ ಹೊಸತರಲ್ಲೋ ಬೆಳೆಯುವ ಮಿದುಳಿಗೆ ಆದ ತೊಂದರೆಯಿಂದ ಸ್ನಾಯುಗಳ ಹಿಡಿತ ತಪ್ಪುತ್ತದೆ. ಇಂಥ ಹಲವು ಮಕ್ಕಳು ತುದಿಗಾಲಲ್ಲಿ ನಡೆಯುತ್ತವೆ. ನೋಡಿದ ಕೂಡಲೇ ಅನಿಸುವುದು, ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು ಗಿಡ್ಡವಾಗಿದೆ, ಆಪರೇಷನ್ ಮಾಡಿ ಉದ್ದ ಮಾಡಿದರೆ ಪಾದ ನೆಲಕ್ಕೆ ಬರುತ್ತದೆ ಎಂದು.

ಎದ್ದು ನಿಂತು ಒಂದು ಪ್ರಯೋಗ ಮಾಡಿ. ಪಾದಕ್ಕೂ ಕಣಕಾಲಿಗೂ ನಡುವಿನ ಮೂಲೆಯನ್ನು ನೇರ ನಿಂತಾಗ ಇರುವ ಹಾಗೇ ಬಿಗಿಹಿಡಿದು, ಮಂಡಿ ಮಾತ್ರ ಮಡಚಿ. ಹಿಮ್ಮಡಿ ತಾನಾಗಿ ಮೇಲೇಳುತ್ತದೆ. ನಿಮ್ಮ ರಜ್ಜು ಗಿಡ್ಡವಾಗಿಲ್ಲ, ಮಂಡಿ ಮಡಚಿದೆ ಅಷ್ಟೆ. ಹಾಗೆಯೇ ಕೆಲವು ಮಕ್ಕಳಲ್ಲಿ ತುದಿಗಾಲಿನ ನಿಜವಾದ ಕಾರಣ ಮಂಡಿಯಲ್ಲೋ ಸೊಂಟದಲ್ಲೋ ಇರುತ್ತದೆ. ಅಂಥ ಮಗುವಿನ ಹಿಮ್ಮಡಿ ರಜ್ಜು ಉದ್ದ ಮಾಡಿದರೆ ಏನಾಗುತ್ತದೆ? ಮೊಣಕಾಲಿನ ಕೆಳಗಿನ ಮೂಳೆ ಮುಂದಕ್ಕೆ ವಾಲದಂತೆ ಹಿಂದಿನಿಂದ ಹಿಡಿದಿಡುವುದು ಮೀನಖಂಡದ ಸ್ನಾಯು. ಅದು ಸಡಿಲವಾದರೆ ಮಂಡಿ ಇನ್ನಷ್ಟು ಮಡಚಿ, ಮಗು ಕುಕ್ಕರಿಸಿದಂತೆ ನಡೆಯತೊಡಗುತ್ತದೆ. ಇದನ್ನು ಸರಿಮಾಡಲು ಮತ್ತೊಂದು ಆಪರೇಷನ್, ಅದಾದ ಮೇಲೆ ಇನ್ನೊಂದು. ವರ್ಷವೂ ಒಂದೊಂದು ಆಪರೇಷನ್ ಆಗಿ, ಮಗುವಿನ ಹುಟ್ಟುಹಬ್ಬಗಳೆಲ್ಲ ಆಸ್ಪತ್ರೆಯಲ್ಲೇ ಕಳೆಯುವ ಈ ಪಾಡಿಗೆ ಟೊರಾಂಟೊದ ಮೂಳೆ ಶಸ್ತ್ರಚಿಕಿತ್ಸಕ ಮರ್ಸರ್ ರ‍್ಯಾಂಗ್ ಬರ್ತ್‌ಡೇ ಸಿಂಡ್ರೋಮ್ ಎಂದೇ ಹೆಸರಿಟ್ಟರು.

ಇಲ್ಲಿ ಬೇಕಾಗಿದ್ದು ಕಣ್ಣಲ್ಲ, ಅಳತೆ. ವಯಸ್ಕರ ಎರಡು ಹೆಜ್ಜೆ ಮುಗಿಯಲು ಸುಮಾರು ಒಂದು ಸೆಕೆಂಡು ಸಾಕು. ಅಷ್ಟರಲ್ಲಿ ಸೊಂಟ, ಮಂಡಿ, ಪಾದ ಮೂರೂ ಬೇರೆ ಬೇರೆ ಲಯದಲ್ಲಿ ಮಡಚಿ ಬಿಚ್ಚುತ್ತವೆ. 1980ರ ದಶಕದಲ್ಲಿ ಅಮೆರಿಕದ ಜೇಮ್ಸ್ ಗೇಜ್ ಅವರಂಥ ವೈದ್ಯರು ಮಕ್ಕಳ ಆಸ್ಪತ್ರೆಯೊಳಗೇ ನಡಿಗೆ ಅಳೆಯುವ ಪ್ರಯೋಗಾಲಯ ಕಟ್ಟಿದರು. ಇದಕ್ಕೆ ಗೇಟ್ ಲ್ಯಾಬ್ ಎನ್ನುತ್ತಾರೆ (ಗೇಟ್ ಎಂದರೆ ಇಲ್ಲಿ ನಡಿಗೆಯ ರೀತಿ, ಮನೆಮುಂದಿನ ಗೇಟಲ್ಲ). ಮಗುವಿನ ಕೀಲುಗಳ ಹತ್ತಿರ ಹೊಳೆಯುವ ಪುಟ್ಟ ಗೋಲಿಗಳನ್ನು ಅಂಟಿಸುತ್ತಾರೆ, ಮರೇಯ ಬಿಳಿ ಪಟ್ಟಿಗಳ ಜಾಗದಲ್ಲಿ. ಸುತ್ತಲೂ ಕ್ಯಾಮೆರಾಗಳು, ಮೈಬ್ರಿಜ್‌ನ ಅಂಗಳದ ಹಾಗೆ. ನೆಲದಲ್ಲಿ ಹುದುಗಿಸಿದ ತಟ್ಟೆಗಳು ಹೆಜ್ಜೆಯ ಒತ್ತಡ ಅಳೆಯುತ್ತವೆ. ಚರ್ಮದ ಮೇಲಿನ ಸೆನ್ಸರ್‌ಗಳು ಯಾವ ಸ್ನಾಯು ಯಾವಾಗ ಕೆಲಸ ಮಾಡಿತೆಂದು ಹೇಳುತ್ತವೆ. ಎಲ್ಲಾ ಸೇರಿಸಿ ನೋಡಿದಾಗ ಮೊದಲು ಅಂದುಕೊಂಡಿದ್ದ ಆಪರೇಷನ್ ಬದಲಾದದ್ದು, ಕೆಲವೊಮ್ಮೆ ಬೇಡವೇ ಆದದ್ದು ಅಧ್ಯಯನಗಳಲ್ಲಿ ಕಂಡಿದೆ. ಬೇಕಾದ ಬದಲಾವಣೆಗಳನ್ನೆಲ್ಲ ಯೋಜನೆ ಮಾಡಿ ಒಂದೇ ಸಲಕ್ಕೆ ಮುಗಿಸುವ ಪದ್ಧತಿಯೂ ಹೀಗೇ ಬೆಳೆಯಿತು. ನಮ್ಮ ದೇಶದ ಕೆಲವು ದೊಡ್ಡ ಆಸ್ಪತ್ರೆಗಳಲ್ಲೂ ಇಂಥ ಲ್ಯಾಬ್‌ಗಳಿವೆ.

ಲ್ಯಾಬ್ ಕಾಯಿಲೆಯನ್ನು ಗುಣಪಡಿಸುವುದಿಲ್ಲ. ಮಿದುಳಿಗೆ ಆದದ್ದು ಹಾಗೇ ಇರುತ್ತದೆ. ಇದನ್ನು ಪೂರ್ತಿ ವಾಸಿಮಾಡುವ ಎಣ್ಣೆ, ಲೇಪ, ಯಂತ್ರ ಎಂದು ಫಾರ್ವರ್ಡ್ ಬಂದರೆ ಅಲ್ಲೇ ಅಳಿಸಿಬಿಡಿ. ವ್ಯಾಯಾಮ, ಸರಿಯಾದ ಅಳತೆಯ ಪಾದಪಟ್ಟಿ, ಬೇಕಾದರೆ ಔಷಧ, ಬೇಕಾದರೆ ಆಪರೇಷನ್, ಇವುಗಳಿಂದ ನಡಿಗೆ ಸುಧಾರಿಸಬಹುದು.

ಮೈಬ್ರಿಜ್ ಕುದುರೆ ಓಡಿಸಿದ ಫಾರ್ಮಿನಲ್ಲೇ ಸ್ಟ್ಯಾನ್‌ಫೋರ್ಡ್ ಮುಂದೆ ವಿಶ್ವವಿದ್ಯಾಲಯ ಕಟ್ಟಿದ, ತೀರಿಹೋದ ಮಗನ ನೆನಪಿಗೆ. ಅದೇ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ, ಸೆರೆಬ್ರಲ್ ಪಾಲ್ಸಿ ಇರುವ ಸಾವಿರಕ್ಕೂ ಹೆಚ್ಚು ಜನರ ಸಾಮಾನ್ಯ ವಿಡಿಯೊಗಳಿಂದ ಕಲಿತ ಕಂಪ್ಯೂಟರ್ ಪ್ರೋಗ್ರಾಂ, ಒಂದೇ ಕ್ಯಾಮೆರಾದಿಂದಲೂ ನಡಿಗೆಯ ಕೆಲವು ಮುಖ್ಯ ಅಳತೆಗಳನ್ನು ಅಂದಾಜಿಸಬಲ್ಲದು ಎಂದು ತೋರಿಸಿದರು. ಇದು ಲ್ಯಾಬಿಗೆ ಬದಲಿ ಅಲ್ಲ, ಲ್ಯಾಬ್ ದೂರವಿರುವ ಕಡೆಗೆ ಒಂದು ದಾರಿ.

ನಿಮ್ಮ ಫೋನಿನಿಂದಲೂ ಡಾಕ್ಟರಿಗೆ ನೆರವಾಗಬಹುದು. ಮಗುವಿಗೆ ಒಂದೂವರೆ ವರ್ಷವಾದರೂ ಒಬ್ಬನೇ ನಡೆಯದಿದ್ದರೆ, ಮೂರು ವರ್ಷ ದಾಟಿದರೂ ತುದಿಗಾಲಲ್ಲೇ ನಡೆಯುತ್ತಿದ್ದರೆ, ಒಂದೇ ಕಾಲು ಎಳೆಯುತ್ತಿದ್ದರೆ, ಮೊದಲು ನಡೆಯುತ್ತಿದ್ದದ್ದು ನಿಂತುಹೋದರೆ ತೋರಿಸಲೇಬೇಕು. ಚಿಕ್ಕ ಮಕ್ಕಳು ಕ್ಲಿನಿಕ್ಕಿನಲ್ಲಿ ಮನೆಯ ಹಾಗೆ ನಡೆಯುವುದಿಲ್ಲ, ಅಳುತ್ತವೆ. ಆದ್ದರಿಂದ ವಿಡಿಯೊ ಒಯ್ಯಿರಿ. ಫೋನನ್ನು ಕೈಯಲ್ಲಿ ಹಿಡಿದು ಹಿಂದೆ ಓಡಬೇಡಿ, ಸ್ಟೂಲಿನ ಮೇಲೆ ಮಗುವಿನ ಸೊಂಟದ ಎತ್ತರಕ್ಕೆ ಇಡಿ. ಚಡ್ಡಿ ಹಾಕಿಸಿ, ಬರಿಗಾಲಲ್ಲಿ, ಒಮ್ಮೆ ಅಡ್ಡಕ್ಕೆ, ಒಮ್ಮೆ ಫೋನಿನ ಕಡೆಗೆ, ಒಮ್ಮೆ ಆ ಕಡೆಗೆ ನಡೆಸಿ. ನೆಲದಲ್ಲಿ ಟೈಲ್ಸ್ ಇದ್ದರೆ ಒಳ್ಳೆಯದು, ಅದೇ ನಿಮ್ಮ ಚೌಕಗಳ ಜಾಲ. ವಿಡಿಯೊವನ್ನು ಡಾಕ್ಟರಿಗೆ ಮಾತ್ರ ತೋರಿಸಿ. ಸಲಹೆ ಕೇಳಲೆಂದು ಫ್ಯಾಮಿಲಿ ಗ್ರೂಪಿಗೆ ಹಾಕಿದರೂ ಅದು ಮುಂದೆ ಯಾರ ಫೋನಿಗೆ ಹೋಗುತ್ತದೋ ಹೇಳಲಾಗದು.

ಕೊನೆಯ ವರ್ಷಗಳು

ಅನಿಮಲ್ ಲೋಕೊಮೋಶನ್ ಆದಮೇಲೆ ಮೈಬ್ರಿಜ್ ಊರೂರು ತಿರುಗಿ ಉಪನ್ಯಾಸ ಕೊಟ್ಟ. ಗಾಜಿನ ತಟ್ಟೆಯ ಮೇಲಿನ ಚಿತ್ರಗಳನ್ನು ತಿರುಗಿಸಿ ಪರದೆಯ ಮೇಲೆ ಓಡಿಸುವ ಯಂತ್ರವನ್ನು 1879ರಲ್ಲೇ ಮಾಡಿಕೊಂಡಿದ್ದ. 1893ರ ಶಿಕಾಗೊ ವಿಶ್ವಮೇಳದಲ್ಲಿ ಅದಕ್ಕೆಂದೇ ಒಂದು ಪ್ರದರ್ಶನ ಮಂದಿರ ಇತ್ತು, ಜನ ಬರಲಿಲ್ಲ. ನಿಜವಾದ ಸಿನಿಮಾ ಬಂದಮೇಲೆ ಆತನ ಯಂತ್ರ ಯಾರಿಗೂ ಬೇಡವಾಯಿತು. 1894ರಲ್ಲಿ ಇಂಗ್ಲೆಂಡಿಗೆ ಮರಳಿ, ಹುಟ್ಟೂರು ಕಿಂಗ್‌ಸ್ಟನ್‌ನಲ್ಲಿ ಸಂಬಂಧಿಕರ ಜೊತೆ ಉಳಿದ. 1904ರ ಮೇ 8ರಂದು ತೀರಿಕೊಂಡ. ಹಿತ್ತಲಿನಲ್ಲಿ ಅಮೆರಿಕದ ಮಹಾಸರೋವರಗಳ ಮಾದರಿ ತೋಡುತ್ತಿದ್ದ ಎಂದು ಹೇಳುತ್ತಾರೆ. ಯಂತ್ರ, ಗಾಜಿನ ತಟ್ಟೆಗಳನ್ನೆಲ್ಲ ಊರಿಗೇ ಬಿಟ್ಟುಹೋದ. ಅನಾಥಾಲಯದಲ್ಲಿ ಬೆಳೆದ ಹುಡುಗ ಅಮೆರಿಕದಲ್ಲೇ ಕೂಲಿ, ತೋಟದ ಕೆಲಸ ಮಾಡಿಕೊಂಡು ಬದುಕಿ 1944ರಲ್ಲಿ ಸತ್ತ.

ಮೈಬ್ರಿಜ್‌ನ ಚಿತಾಭಸ್ಮ ಇರುವುದು ವೋಕಿಂಗ್ ಎಂಬ ಊರಿನ ಸ್ಮಶಾನದಲ್ಲಿ. ಹೆಸರಿನ ಒಂದೊಂದೇ ಅಕ್ಷರ ತಿದ್ದುತ್ತಾ ಬಂದಿದ್ದವನ ಸಮಾಧಿ ಕಲ್ಲಿನ ಮೇಲೆ ಕೆತ್ತುವವರು ಮೈಬ್ರಿಜ್ ಬದಲು ಮೇಬ್ರಿಜ್ ಎಂದು ಕೆತ್ತಿಬಿಟ್ಟಿದ್ದಾರೆ.